ಟೆರ್ನೋಪಿಲ್‌ನ ನೆಟ್ಟಿಗೆ ಗಂಗಾವತಿಯ ದುಡ್ಡು

ಆನ್‌ಲೈನ್‌ನಲ್ಲಿ ಓದಿದ ಡಾಕ್ಟರಿಕೆಗೆ ನಮ್ಮ ದೇಶದಲ್ಲಿ ಮಾನ್ಯತೆ ಇಲ್ಲ. ಅದಕ್ಕೇ ಯುದ್ಧ ನಡೆಯುತ್ತಿದ್ದರೂ 2022ರ ಸೆಪ್ಟೆಂಬರ್‌ನಲ್ಲಿ, ಉಕ್ರೇನಿನಲ್ಲಿ ಡಾಕ್ಟರಿಕೆ ಓದುತ್ತಿದ್ದ ನನ್ನ ತಮ್ಮ ಮತ್ತೆ ಅಲ್ಲಿಗೆ ಹೊರಟ. ಟೆರ್ನೋಪಿಲ್ ಪಶ್ಚಿಮದ ಊರು, ಅಲ್ಲಿ ಅಷ್ಟು ಭಯ ಇಲ್ಲ ಅಂತ ಅವನೇ ನಮಗೆ ಧೈರ್ಯ ಹೇಳಿದ್ದ. ಅಕ್ಟೋಬರ್ 10ರಿಂದ ರಷ್ಯಾ ಉಕ್ರೇನಿನ ಉದ್ದಗಲಕ್ಕೂ ಕರೆಂಟಿನ ಮೂಲಗಳಿಗೇ ಕ್ಷಿಪಣಿ ಬಿಡತೊಡಗಿತು. ಕೂಡಲೇ ದೇಶ ಬಿಡಿ ಅಂತ ಭಾರತೀಯ ರಾಯಭಾರ ಕಚೇರಿ ಹೇಳಿತು. ಇವನು ಬರಲಿಲ್ಲ. ಕೊನೆಯ ವರ್ಷ, ಹೇಗೆ ಬಿಟ್ಟು ಬಂದಾನು?

ಕರೆಂಟ್ ಹೋದರೆ ಮೊಬೈಲ್ ಟವರ್ ಬ್ಯಾಟರಿ ಮೇಲೆ ಕೆಲವೇ ಗಂಟೆ ನಡೆಯುತ್ತದೆ. ಆಮೇಲೆ ಮಾತಿಲ್ಲ, ಮೆಸೇಜಿಲ್ಲ. ಇಲ್ಲಿ ಭತ್ತದ ಕೊಯ್ಲು. ಅಪ್ಪ ಮಷಿನ್ ಪಕ್ಕದಲ್ಲೇ ನಿಂತು ಫೋನ್ ನೋಡುತ್ತಿದ್ದರು. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಟಿಕ್. ಅಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ.

ಕೊನೆಗೆ ಹಾಸ್ಟೆಲಿನ ಆರು ಹುಡುಗರು ಸೇರಿ ಸ್ಟಾರ್‌ಲಿಂಕ್ ಅನ್ನೋ ಉಪಗ್ರಹದ ನೆಟ್ ತಗೊಂಡರು. ಅದಕ್ಕೆ ಊರಿನ ಟವರ್ ಬೇಡ. ಆಂಟೆನಾ ಆಕಾಶಕ್ಕೆ ಮುಖ ಮಾಡಿದರೆ ಸಾಕು, ಸುಮಾರು 550 ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಜೊತೆ ಮಾತಾಡುತ್ತದೆ. ಹಿಮ ಬಿದ್ದರೆ ತಾನೇ ಬಿಸಿಯಾಗಿ ಕರಗಿಸಿಕೊಳ್ಳುತ್ತದೆ.

ದುಡ್ಡು ಕಟ್ಟುವುದೇ ದೊಡ್ಡ ಪಾಡಾಯಿತು. ನಮ್ಮ ಕಾರ್ಡಿನಲ್ಲಿ ಹೊರದೇಶದ ವ್ಯವಹಾರ ಬಂದ್ ಇತ್ತು. ಆನ್ ಮಾಡಿಸಿದರೂ ಹಣ ಹೋಗಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ 'ನಾಲ್ಕು ದಿನ ಬಿಟ್ಟು ನೋಡಿ' ಅಂದರು. ಅಲ್ಲಿ ಹುಡುಗ ಕತ್ತಲಲ್ಲಿ ಕೂತಿದ್ದಾನೆ, ನಾಲ್ಕು ದಿನ ಅಂದರೆ ಏನರ್ಥ? ನನಗೆ ಅಳು ಬಂತು. ಆಗ ಕೇರಳದ ಹುಡುಗನೊಬ್ಬನ ತಂದೆ ಕೈ ಹಿಡಿದರು. ಅವರು ಗಲ್ಫಿನಲ್ಲಿ ಕೆಲಸದಲ್ಲಿದ್ದರು. ಎಲ್ಲರ ಪರವಾಗಿ ಅವರ ಕಾರ್ಡಿನಿಂದ ಕಟ್ಟಿದರು. ನಾವು ಗಂಗಾವತಿಯಿಂದ ನಮ್ಮ ಪಾಲನ್ನು ಅವರ ಹೆಂಡತಿಗೆ ಫೋನ್‌ಪೇ ಮಾಡುತ್ತಿದ್ದೆವು. ಮುಖ ನೋಡದ ಜನ, ಆದರೂ ಅಮ್ಮ ಆಕೆಯ ಜೊತೆ ಅರ್ಧ ಹಿಂದಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದಳು.

ವರ್ಷದ ಕೊನೆಗೆ ತಿಂಗಳ ಚಾರ್ಜ್ 60 ಡಾಲರಿನಿಂದ 75ಕ್ಕೆ ಏರಿತು. ಆರು ಮನೆಗೆ ಹಂಚಿದರೆ ಅದು ಭಾರವಲ್ಲ. ಜಾಸ್ತಿ ಕಷ್ಟ ಕೊಟ್ಟಿದ್ದು ಕರೆಂಟ್. ಆ ಆಂಟೆನಾ ತಿನ್ನುವುದು 50ರಿಂದ 75 ವ್ಯಾಟ್, ಅಷ್ಟನ್ನೂ ಎಲ್ಲಿಂದ ತರುವುದು? ದೊಡ್ಡ ಬ್ಯಾಟರಿಗೆ ಬೇರೆ ದುಡ್ಡು ಕೂಡಿಸಬೇಕಾಯಿತು. ಕರೆಂಟ್ ಬಂದಾಗ ಅದನ್ನು ತುಂಬಿಸಿಕೊಂಡು, ರಾತ್ರಿ ಒಬ್ಬೊಬ್ಬರೂ ಸರದಿಯಲ್ಲಿ ಮನೆಗೆ ಫೋನ್ ಮಾಡುತ್ತಿದ್ದರು.

ಆ ನವೆಂಬರ್‌ನಲ್ಲಿ ಉಕ್ರೇನ್ ಸರ್ಕಾರ ಊರೂರಲ್ಲಿ ಕೇಂದ್ರ ತೆರೆಯಿತು. ಅಲ್ಲಿ ಬೆಚ್ಚಗೆ ಕೂರಬಹುದು, ಫೋನ್ ಚಾರ್ಜ್ ಮಾಡಬಹುದು, ನೆಟ್ಟೂ ಪುಕ್ಕಟೆ. ಇದು ತುಂಬಾ ಸರಿಯಾದ ಕೆಲಸ ಅಂತ ನನಗನಿಸುತ್ತದೆ. ಯುದ್ಧದಲ್ಲಿ ಅನ್ನ, ಔಷಧಿ ಹಂಚುವವರು ನೆಟ್ಟನ್ನೂ ಹಂಚಬೇಕು. ಬದುಕಿದ್ದೇನೆ ಅಂತ ಮನೆಗೆ ಹೇಳಲು ಯಾರಿಗೂ ಕಾರ್ಡ್ ಬೇಕಾಗಬಾರದು, ಅಲ್ವಾ?

ಚಳಿಗಾಲ ಮುಗಿಯುವ ಮೊದಲೇ ಆ ಕೇರಳದ ಹುಡುಗ ಬೇರೆ ದೇಶದ ಕಾಲೇಜಿಗೆ ಹೋದ. ಇನ್ನು ಕಾರ್ಡ್ ಯಾರದು ಅಂತ ನಾವು ಚಿಂತೆಯಲ್ಲಿದ್ದೆವು. ಅವನ ತಂದೆ ಕಟ್ಟುವುದನ್ನು ನಿಲ್ಲಿಸಲಿಲ್ಲ. ತಮ್ಮ ಮಗನ ಪಾಲನ್ನೂ ಬಿಡಲಿಲ್ಲ.