ಅಜ್ಜನ ಊರುಗೋಲು, ಮೂರನೇ ವಾರ: ಮೇಲಿನ ಗಂಟು ಕೂತಿತು

ಅಜ್ಜನ ಕೋಲು ಕೈಯಿಂದ ಜಾರದ ಹಾಗೆ ಅದಕ್ಕೆ ದಾರದ ಗಂಟು ಹಾಕ್ತಾ ಇದ್ದೇನೆ. ಕೆಳಗಿನ ಸಪೂರ ಭಾಗಕ್ಕೆ ಹಾಕಿದ 3 ಲೀಡ್ 5 ಬೈಟಿನ ಟರ್ಕ್ಸ್ ಹೆಡ್ (ಕೋಲಿನ ಸುತ್ತ ಹೆಣೆಯುವ ಗಂಟು) ಚೆಂದ ಕೂತಿತ್ತು. ಲೀಡ್ ಅಂದ್ರೆ ಅಗಲಕ್ಕೆ ಎಷ್ಟು ಎಳೆ ಅಂತ, ಬೈಟ್ ಅಂದ್ರೆ ಅಂಚಲ್ಲಿ ಎಷ್ಟು ಸಲ ತಿರುಗ್ತದೆ ಅಂತ. ಹಿಡಿಯ ಹತ್ರ ಕೋಲು ದಪ್ಪ ಉಂಟು, ಅಲ್ಲಿ ಎಳೆಗಳ ಮಧ್ಯೆ ಮರ ಕಾಣ್ತಿತ್ತು, ಹಾಗೆ ಒಂದು ಬೈಟ್ ಜಾಸ್ತಿ ಮಾಡುವ ಅಂತ ರಟ್ಟಿನ ರೋಲಿಗೆ ಎರಡೂ ಕಡೆ ಆರಾರು ಪಿನ್ ಚುಚ್ಚಿ ಸುತ್ತಿದೆ. ಒಂದೇ ಸುತ್ತಿಗೆ ದಾರ ಹೊರಟ ಪಿನ್ನಿಗೇ ವಾಪಸ್! ಉಳಿದ ಪಿನ್ನುಗಳು ಖಾಲಿ. ಎರಡು ಸಂಜೆ ಇದರಲ್ಲೇ ಹೋಯ್ತು.

ತಂಗಿ ಜಡೆ ಹಾಕುದು ನೋಡುವಾಗ ಗೊತ್ತಾಯ್ತು. ಈ ಗಂಟು ಬೇರೆ ಎಂತ ಅಲ್ಲ, ಮೂರು ಕಾಲಿನ ಜಡೆಯನ್ನೇ ಬಳೆಯ ಹಾಗೆ ಬಗ್ಗಿಸಿ ತುದಿ ಸೇರಿಸಿದ್ದು. ಬೈಟ್ ಮೂರರ ಮಗ್ಗಿಯಲ್ಲಿ ಬಂದ್ರೆ ಪ್ರತಿ ಕಾಲೂ ತನ್ನ ಜಾಗಕ್ಕೇ ಬಂದು ಮುಟ್ತದೆ, ಮೂರು ಬೇರೆ ಬೇರೆ ಬಳೆ ಆಗ್ತದೆ. 5 ಅಥವಾ 7 ಆದ್ರೆ ಒಂದರ ತುದಿ ಇನ್ನೊಂದರ ಬುಡಕ್ಕೆ ಸೇರಿ ಒಂದೇ ದಾರದಲ್ಲಿ ಮುಗೀತದೆ. 4 ಲೀಡಿಗೂ ಹಾಗೇ, 5 ಬೈಟ್ ಆಗ್ತದೆ, 6 ಆಗುದಿಲ್ಲ, ಎರಡೂ 2ರಿಂದ ಭಾಗ ಹೋಗ್ತದಲ್ಲ. ಎಷ್ಟು ಖುಷಿಯಾಯ್ತು ಅಂದ್ರೆ ಆ ರಾತ್ರಿಯೇ 7 ಪಿನ್ ಹಾಕಿ ಕೂತೆ.

ಮೊದಲ ಎಳೆಯ ಬೆನ್ನಿಗೇ ಇನ್ನೆರಡು ಸಲ ದಾರ ಹೋಗ್ಬೇಕು, ಅದಕ್ಕೆ ಗೋಣಿ ಹೊಲಿಯುವ ದಬ್ಬಣವೇ ಸಾಕಾಯ್ತು. ಬಿಗಿ ಮಾಡುವಾಗ ಮಾತ್ರ ಅವಸರ ಆಗುದೇ ಇಲ್ಲ, ಒಂದು ಕಡೆ ಎಳೆದ್ರೆ ಇಡೀ ಗಂಟು ಓರೆ, ಬುಡದಿಂದ ತುದಿವರೆಗೆ ಸ್ವಲ್ಪ ಸ್ವಲ್ಪವೇ ಸಡಿಲು ತೆಗೀತಾ ಹೋಗಿ ಮತ್ತೆ ಬುಡದಿಂದ ಶುರು, ನಾನು ನಾಲ್ಕು ಸಲ ಹೋದೆ. ದಾರ 2 ಮಿಲಿಮೀಟರಿನ ಹತ್ತಿಯದ್ದು. ಮನೆಯ ಕತ್ತದ ಹಗ್ಗದಲ್ಲೂ ನೋಡಿದೆ, ಅದು ನೀರಲ್ಲಿ ತೇಲ್ತದೆ, ಹಡಗಿಗೆ ಒಳ್ಳೇದು, ಆದ್ರೆ ಇಷ್ಟು ಸಣ್ಣ ತಿರುವಿಗೆ ಬಗ್ಗುದಿಲ್ಲ, ಕೈಗೂ ಚುಚ್ತದೆ.

ಬೇಕಲದ ಹತ್ರ ಇರುವ, ಹಡಗಲ್ಲಿ ಕೆಲಸ ಮಾಡಿ ಬಂದ ಮಾವನಿಗೆ ತೋರಿಸಿದೆ. ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರಿ ನೋಡಿದ್ರು. ಹಳೇ ಹಡಗುಗಳ ಚುಕ್ಕಾಣಿ ಚಕ್ರದ ಒಂದು ಹಿಡಿಗೆ ಇದೇ ಗಂಟು ಹಾಕ್ತಿದ್ರಂತೆ, ಆ ಹಿಡಿ ಮೇಲೆ ಬಂದ್ರೆ ಚುಕ್ಕಾಣಿ ನೇರ ಉಂಟು ಅಂತ ಕತ್ತಲಲ್ಲೂ ಕೈಗೇ ಗೊತ್ತಾಗ್ತದೆ. "ಚಂದಕ್ಕೆ ಮಾತ್ರ ಅಲ್ಲ ಮಗಾ ಇದು" ಅಂದ್ರು.

ಇನ್ನು ಎರಡು ಗಂಟಿನ ಮಧ್ಯೆ ಫ್ರೆಂಚ್ ವಿಪ್ಪಿಂಗ್ ಅನ್ನುವ ಸುತ್ತು ಬಾಕಿ, ಒಂದೇ ದಿಕ್ಕಿಗೆ ಹಾಫ್ ಹಿಚ್ (ಕೋಲಿಗೆ ಒಂದು ಸುತ್ತು ಹಾಕಿ ಅದೇ ದಾರದಡಿ ತೂರಿಸುವ ಕುಣಿಕೆ) ಹಾಕ್ತಾ ಹೋದ್ರೆ ಏಣು ಸುರುಳಿ ಸುತ್ತಿ ಏಳ್ತದೆ, ಅಲ್ಲೇ ಅಜ್ಜನ ಬೆರಳು ಕೂರುದು. ಮಳೆ ಹಿಡಿಯುವ ಮೊದಲು ಮುಗಿಸ್ಬೇಕು, ಒದ್ದೆ ಕೈಗೆ ಕೋಲು ಜಾರ್ತದೆ ಅಂತ ಕಳೆದ ಮಳೆಗಾಲ ಇಡೀ ಅವರು ಅಂಗಳಕ್ಕೆ ಇಳಿಯಲೇ ಇಲ್ಲ.