ಇಸ್ಪೀಟು ಎಲೆಯ ಮೇಲೊಬ್ಬ ರಾಣಿ

ಅಂಗೈಯಗಲದ ಕಿರುಚಿತ್ರಗಳ ಇಂಗ್ಲಿಷ್ ಕಲಾವಿದ ನಿಕೊಲಸ್ ಹಿಲಿಯರ್ಡ್ 1572ರಲ್ಲಿ ಬರೆದ, ಇಂಗ್ಲೆಂಡಿನ ಮೊದಲನೆಯ ಎಲಿಜಬೆತ್ ರಾಣಿಯ ಚಿತ್ರದ ಎತ್ತರ ಬರೀ 5 ಸೆಂಟಿಮೀಟರ್ ಚಿಲ್ಲರೆ. ಅವನ ಕೆಲಸದ ರೀತಿ ಹೀಗೆ: ಹದ ಮಾಡಿದ ತೆಳು ಚರ್ಮವನ್ನು ಇಸ್ಪೀಟು ಎಲೆಗೆ ಗಂಜಿ ಹಚ್ಚಿ ಅಂಟಿಸುವುದು, ಮುಖದ ಜಾಗಕ್ಕೆ ಮೈಬಣ್ಣದ ಒಂದು ಸಮನಾದ ಪದರ ಬಳಿಯುವುದು, ಆಮೇಲೆ ಅಳಿಲಿನ ಕೂದಲ ಕುಂಚದಿಂದ ಸಣ್ಣ ಸಣ್ಣ ಗೀಟು. ಬಣ್ಣಕ್ಕೆ ಗೋಂದು ಕಡಿಮೆಯಾದರೆ ಪುಡಿಪುಡಿಯಾಗಿ ಉದುರುತ್ತದೆ, ಹೆಚ್ಚಾದರೆ ಬಿರುಕು ಬಿಡುತ್ತದೆ.

ನನಗೆ ಎಷ್ಟು ನೋಡಿದರೂ ಸಾಲದು ಅನ್ನಿಸುವುದು ಅವನ ಚಿತ್ರಗಳ ಒಡವೆಯಲ್ಲಿನ ಮಾಣಿಕ್ಯಗಳು. ಉಜ್ಜಿ ಹೊಳಪು ಕೊಟ್ಟ ಬೆಳ್ಳಿಯ ಮೇಲೆ, ಬಣ್ಣ ಬೆರೆತ ರಾಳವನ್ನು ಕಾದ ಸೂಜಿಯಿಂದ ಹನಿಯಾಗಿ ಕೂರಿಸುತ್ತಿದ್ದ. ಬೆಳಕು ರಾಳದೊಳಗೆ ಇಳಿದು ಬೆಳ್ಳಿಗೆ ತಾಗಿ ಹಿಂದಿರುಗುತ್ತದೆ. ಕಲ್ಲು ನಿಜವಾಗಿ ಮಿನುಗುತ್ತದೆ. ಮುತ್ತಿಗೆ ಬಿಳಿ ಬಣ್ಣದ ಉಬ್ಬು ಚುಕ್ಕೆ, ಅದರ ನೆತ್ತಿಯಲ್ಲಿ ಬೆಳ್ಳಿ.

ಆ ಬೆಳ್ಳಿ ಗಾಳಿಗೆ ಕಪ್ಪಾಗಿದೆ. ಹೀಗಾಗಿ ಹಲವು ಮುತ್ತುಗಳಿಗೆ ಇವತ್ತು ಕರಿಯ ಕಣ್ಣು. ಕೆನ್ನೆಯ ಕೆಂಪು ಬೆಳಕಿಗೆ ಮಾಸಿದೆ. ಅವನ ಮುಖಗಳು ಬಿಳಿಚಿಕೊಂಡಂತೆ ಕಾಣುವುದಕ್ಕೆ ಅದೂ ಒಂದು ಕಾರಣ.

ಬರೆಯುವಾಗ ರೇಷ್ಮೆ ಉಡಿ ಎನ್ನುತ್ತಿದ್ದ ಹಿಲಿಯರ್ಡ್. ಬೇರೆ ಬಟ್ಟೆಯ ಎಳೆ ಉದುರಿ ಹಸಿ ಬಣ್ಣಕ್ಕೆ ಅಂಟುತ್ತದೆ. ತಲೆಹೊಟ್ಟು, ಮಾತಾಡುವಾಗ ಸಿಡಿಯುವ ಎಂಜಲು, ಎರಡೂ ಅವನಿಗೆ ಶತ್ರುಗಳೇ.