ಮಟ್ಟಾಂಚೇರಿಯಲ್ಲಿ ಕೇಳಿದ ಕೊಂಕಣಿ

ನಿನ್ನೆ ಇಡೀ ದಿನ ಫೋರ್ಟ್ ಕೊಚ್ಚಿ. ಅಲ್ಲೇ ಹುಟ್ಟಿ ಬೆಳೆದ ಗೈಡ್ ಒಬ್ಬರು ಜೊತೆಗಿದ್ದರು. ಮೊದಲು ಮೀನು ಹಿಡಿಯುವ ಚೀನಾ ಬಲೆಗಳ ಹತ್ತಿರ ಕರೆದುಕೊಂಡು ಹೋದರು. ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರದ ನೆರವಿನಿಂದ ಅಷ್ಟು ದೊಡ್ಡ ಬಲೆ ಮೇಲೇಳುತ್ತದೆ! ನನ್ನನ್ನೂ ಹಗ್ಗ ಎಳೆಯಲು ಬಿಟ್ಟರು. ಅಂಗೈ ಇನ್ನೂ ಉರಿಯುತ್ತಿದೆ.

ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ವಾಸ್ಕೋ ಡ ಗಾಮನ ಸಮಾಧಿಯ ಜಾಗ ನೋಡಿದೆವು. 1524ರಲ್ಲಿ ಅವನು ಸತ್ತದ್ದು ಇದೇ ಊರಿನಲ್ಲಿ. 1539ರಲ್ಲಿ ಅವಶೇಷಗಳನ್ನು ಪೋರ್ಚುಗಲ್‌ಗೆ ಒಯ್ದರಂತೆ. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ.

ನನ್ನ ಮನಸ್ಸು ನಿಂತದ್ದು ಪಕ್ಕದ ಮಟ್ಟಾಂಚೇರಿಯಲ್ಲಿ. 1568ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ನೆಲದ ತುಂಬ ಚೀನಾದಿಂದ ಬಂದ ನೀಲಿ ಚಿತ್ತಾರದ ಬಿಲ್ಲೆಗಳು. ಪಕ್ಕದ ಬೀದಿಗಳಲ್ಲಿ ಶುಂಠಿ, ಮೆಣಸಿನ ಘಾಟು. ಅಲ್ಲೇ ಒಂದು ಅಂಗಡಿಯಲ್ಲಿ ಇಬ್ಬರು ಅಜ್ಜಂದಿರು ಕೊಂಕಣಿ ಮಾತಾಡುತ್ತಿದ್ದರು! ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಹೊರಟವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನೆಲೆಸಿದರು, ಕೆಲವರು ಇಲ್ಲಿಯವರೆಗೂ ಬಂದರು. ಮನೆ, ಹೊಲ ಎಲ್ಲಾ ಬಿಟ್ಟರೂ ಮಾತು ಬಿಡಲಿಲ್ಲ ಅಲ್ವಾ? ಕುಮಟಾದ ನಮ್ಮ ಪಕ್ಕದ ಮನೆಯಲ್ಲೇ ಕೂತ ಹಾಗಾಯಿತು.

ಗೈಡ್ ಹೊರಡೋಣ ಎಂದರು. ನಾನು ಇನ್ನೊಂದು ಚಹಾ ಹೇಳಿದೆ.